ವಿಷ ಹತ್ತದ ಲೋಹ

ನಮ್ಮಕ್ಕನಿಗೆ ಅನುಮಾನ ಹುಟ್ಟುಗುಣ. ಹಾಲನ್ನು ಮೂಸಿ ಮೂಸಿ ನೋಡದೆ ಒಲೆಯ ಮೇಲಿಡುವವಳಲ್ಲ. ಯಾರಾದರೂ ‘ಇವತ್ತು ಚೆನ್ನಾಗಿ ಕಾಣ್ತೀಯ’ ಎಂದರೆ, ಇವರಿಗೆ ನನ್ನಿಂದ ಏನೋ ಆಗಬೇಕಿದೆ ಎಂದುಕೊಳ್ಳುತ್ತಾಳೆ. ಅವಳ ಮನೆಯ ಹಿಂದಿನ ಕೋಣೆಯಲ್ಲೇ ಇರುವ ನಾನು ಬೈದು ಬೈದು ಸೋತಿದ್ದೇನೆ.

ಆದರೆ ಕೆಲಸದಲ್ಲಿ ಗಟ್ಟಿಗಿತ್ತಿ, ಅದರಲ್ಲಿ ಎರಡು ಮಾತಿಲ್ಲ. ಅಕ್ಕ, ಭಾವ ಇಬ್ಬರೂ ದುಡಿಯುತ್ತಿದ್ದುದು ಒಂದೇ ಪ್ರಯೋಗಾಲಯದಲ್ಲಿ. ಅಲ್ಲಿ ಫಾರ್ಮಿಕ್ ಆಸಿಡ್‌ನಿಂದ ಕರೆಂಟು ತೆಗೆಯುವ ಪುಟ್ಟ ಸೆಲ್ಲುಗಳನ್ನು ಮಾಡುತ್ತಾರೆ. ಇರುವೆ ಕಚ್ಚಿದರೆ ಉರಿಯುತ್ತದಲ್ಲ, ಅದೇ ಆಸಿಡ್. ಅದನ್ನು ಒಡೆಯಲು ಲೋಹದ ಕಣಗಳು ಬೇಕು. ಒಂದು ಕೂದಲಿನ ಅಗಲದಲ್ಲಿ ಸಾವಿರಾರು ಸಾಲಾಗಿ ನಿಲ್ಲುವಷ್ಟು ಸಣ್ಣ ಕಣಗಳು. ಅವನ್ನು ಕಪ್ಪು ಶಾಯಿಯಂತೆ ಕಲಸಿ, ಇಂಗಾಲದ ಹಾಳೆಗೆ ಕುಂಚದಿಂದ ಬಳಿದು, ಸೆಲ್ಲು ಕಟ್ಟಿ ಓಡಿಸುವುದು ಅಕ್ಕನ ಕೆಲಸ. ಅವಳ ಗುಂಪಿನ ಲೋಹ ಪಲ್ಲಾಡಿಯಂ. ಪಕ್ಕದ ಕೋಣೆಯಲ್ಲಿ ಭಾವನ ಗುಂಪಿನದು ಪ್ಲಾಟಿನಂ. ಮುಂದಕ್ಕೆ ಉಳಿಯುವುದು ಎರಡರಲ್ಲಿ ಒಂದೇ ಎಂದು ಮೇಲಿನವರು ಹೇಳಿಬಿಟ್ಟಿದ್ದರು. ಗಂಡ ಹೆಂಡತಿಯನ್ನು ಎದುರುಬದುರು ನಿಲ್ಲಿಸಿ ತಮಾಷೆ ನೋಡುವುದೆಂದರೆ ಇದೇ!

ಮೊದಮೊದಲು ಊಟಕ್ಕೆ ಕೂತಾಗ ಬರೀ ಗೇಲಿ. ಪ್ಲಾಟಿನಂ ಮೇಲೆ ಆಸಿಡ್ ಒಡೆಯುವಾಗ ಒಂದು ಕೆಟ್ಟ ಅನಿಲವೂ ಹುಟ್ಟಿ ಕಣಗಳಿಗೆ ಮೆತ್ತಿಕೊಳ್ಳುತ್ತದೆ, ಸೆಲ್ಲು ಸೊರಗುತ್ತದೆ. ಅವರ ಭಾಷೆಯಲ್ಲಿ ಇದಕ್ಕೆ ‘ವಿಷ ಹತ್ತುವುದು’ ಎನ್ನುತ್ತಾರೆ.

“ನಿಮ್ಮದಕ್ಕೆ ದಿನಾ ಬೆಳಗಾದ್ರೆ ವಿಷ ಹತ್ತುತ್ತೆ. ನಮ್ಮದಕ್ಕೆ ವಿಷ ಅಂದ್ರೆ ಏನು ಅಂತಲೇ ಗೊತ್ತಿಲ್ಲ,” ಎಂದು ಅಕ್ಕ ಜಂಬ ಕೊಚ್ಚುವಳು.

“ಆಯ್ತು ತಾಯಿ, ನೀನೇ ಗೆದ್ದೆ,” ಎಂದು ಭಾವ ಕೈ ಮುಗಿಯುವರು.

ಆ ಮಾತನ್ನು ಆಡಿ ಆಡಿ ಅಕ್ಕ ಅದನ್ನೇ ಪೂರ್ತಿ ನಂಬಿಬಿಟ್ಟಳು. ಹಾಗಾಗಿ ಅವಳ ಸೆಲ್ಲು ಬೆಳಿಗ್ಗೆ ಚೆನ್ನಾಗಿ ಓಡಿ ಸಂಜೆಗೆ ನೆಲಕಚ್ಚತೊಡಗಿದಾಗ, ಲೋಹದ ಮೇಲೆ ಅನುಮಾನ ಬರಲಿಲ್ಲ. ಬಂದದ್ದು ಮನುಷ್ಯರ ಮೇಲೆ.

“ಇದು ತಾನಾಗೇ ಆಗೋದಲ್ಲ ಕಣೇ. ಯಾರೋ ಏನೋ ಬೆರೆಸ್ತಿದ್ದಾರೆ,” ಎಂದು ನನ್ನೊಬ್ಬಳ ಹತ್ತಿರ ಪಿಸುಗುಟ್ಟಿದಳು.

ಅವತ್ತೇ ಭಾವ ಕೈ ತೊಳೆಯುತ್ತಾ, “ಯಾಕೆ ಹೀಗಿದೀಯ? ನಿನ್ನ ಸೆಲ್ಲಿಗೂ ವಿಷ ಹತ್ತಿತಾ?” ಎಂದು ನಗಬೇಕೆ!

ಅಕ್ಕ ನನ್ನನ್ನು ಅಡುಗೆಮನೆಗೆ ಎಳೆದೊಯ್ದಳು. “ನಾನು ಬಾಯೇ ಬಿಟ್ಟಿಲ್ಲ. ಇವರಿಗೆ ಹೇಗೆ ಗೊತ್ತಾಯ್ತು?”

“ನಿನ್ನ ಮುಖ ನೋಡಿದ್ರೆ ದಾರೀಲಿ ಹೋಗೋರಿಗೂ ಗೊತ್ತಾಗುತ್ತೆ, ಹೋಗೇ!” ಎಂದೆ. ಕೇಳಿಸಿಕೊಂಡರೆ ತಾನೇ?

ಭಾವ ಬಿಚ್ಚಿಟ್ಟ ಅಂಗಿಯ ತೋಳನ್ನು ಮೂಸಿದಳು. ಆಸಿಡ್ಡಿನ ಘಾಟು ಇದೆಯಂತೆ! ಆಸಿಡ್ಡಿನವರ ಅಂಗಿ ಇನ್ನೇನು ಮಲ್ಲಿಗೆ ಘಮಘಮಿಸುತ್ತದೆಯೇ? ಅವರ ಚೀಲ ತಡಕಿದಳು. ಪ್ರಯೋಗಾಲಯದಲ್ಲಿ ತನ್ನ ಕೋಣೆಯ ಬಾಗಿಲ ಬಳಿ ಪೌಡರ್ ಉದುರಿಸಿ ಹೆಜ್ಜೆ ಗುರುತು ಹುಡುಕಿದಳು. ಅನುಮಾನ ಅಂಟುರೋಗ, ಭಾವ ಫೋನು ಹಿಡಿದು ಹೊರಗೆ ಹೋದರೆ ನನ್ನ ಕಿವಿಯೂ ನೆಟ್ಟಗಾಗುತ್ತಿತ್ತು.

ಕೊನೆಗೊಂದು ದಿನ ನೇರವಾಗಿಯೇ ಕೇಳಿದಳು. “ನೀವೇನಾ?”

ಭಾವ ನಗಲು ಹೋದರು. ಅಕ್ಕ ನಗುತ್ತಿಲ್ಲವೆಂದು ಆಮೇಲೆ ಕಂಡಿತು. “ನಾನಲ್ಲ ಕಣೇ. ನಿನ್ನಾಣೆಗೂ ನಾನಲ್ಲ.”

ಮರುದಿನ ಅಕ್ಕ ಗುಂಪಿನ ಮುಖ್ಯಸ್ಥರಿಗೆ ಗಂಡನ ಮೇಲೆಯೇ ದೂರು ಕೊಟ್ಟಳು. ಆ ಮನುಷ್ಯನಿಗೂ ತನ್ನ ಲೋಹದ ಮೇಲೆ ಅದೇ ಕುರುಡು ಅಭಿಮಾನ; ಹಿಂದುಮುಂದು ನೋಡದೆ ನಂಬಿದರು. ಅಕ್ಕನ ಕೋಣೆಯ ಬಾಗಿಲು ತೆರೆಯಲು ಭಾವನ ಕಾರ್ಡು ನಡೆಯದಂತಾಯಿತು. ಅವರು ಕಾರ್ಡು ಹಿಡಿದಾಗ ಎಲ್ಲರ ಎದುರು ಕೆಂಪು ದೀಪ ಹೊತ್ತಿಕೊಂಡಿತು. ಅಂದಿನಿಂದ ಕ್ಯಾಂಟೀನಿನಲ್ಲಿ ಅವರು ಬಂದರೆ ಮಾತು ನಿಲ್ಲುತ್ತಿತ್ತು. ಗೋಡೆಗೆ ಮುಖ ಮಾಡಿ ಉಣ್ಣುತ್ತಿದ್ದರಂತೆ. ಮನೆಯಲ್ಲಿ ಒಂದು ಮಾತೂ ಎತ್ತಲಿಲ್ಲ. “ಸಂಸಾರ ಮಾಡ್ತಿದೀಯೋ, ಪೊಲೀಸ್ ಕೆಲಸ ಮಾಡ್ತಿದೀಯೋ?” ಎಂದು ಅಕ್ಕನಿಗೆ ಬಾಯಿಗೆ ಬಂದಂತೆ ಬೈದೆ.

ಒಂದು ರಜೆಯ ದಿನ ಅಕ್ಕ ಒಬ್ಬಳೇ ಪ್ರಯೋಗಾಲಯಕ್ಕೆ ಹೋಗಿ, ಒಳಗಿನಿಂದ ಬೀಗ ಹಾಕಿಕೊಂಡು, ಹೊಸ ಬಾಟಲಿಯ ಆಸಿಡ್ ತುಂಬಿ, ಕಣ್ಣು ಕೀಳದೆ ಕೂತಳಂತೆ. ಇತ್ತ ಮನೆಯಲ್ಲಿ ಭಾವ ನನ್ನ ಕಣ್ಣೆದುರೇ ಫ್ಯಾನು ಬಿಚ್ಚಿ ಧೂಳು ಒರೆಸುತ್ತಿದ್ದರು. ಅಲ್ಲಿ ಮಧ್ಯಾಹ್ನದ ಹೊತ್ತಿಗೆ ಪರದೆಯ ಮೇಲೆ ಸೆಲ್ಲಿನ ಕರೆಂಟು ತೋರಿಸುವ ಗೆರೆ ಇಳಿಯಿತು. ಕೋಣೆಯಲ್ಲಿ ಅವಳ ಹೊರತು ನರಪಿಳ್ಳೆಯಿಲ್ಲ. ಪ್ಲಾಟಿನಂನ ವಿಷ ಬಿಡಿಸಲು ಒಂದು ಗಳಿಗೆ ವೋಲ್ಟೇಜು ಏರಿಸುತ್ತಾರೆಂದು ಭಾವ ಊಟದ ಹೊತ್ತಿನಲ್ಲಿ ಹೇಳಿದ್ದು ನೆನಪಾಗಿ, ಹಾಗೇ ಮಾಡಿದಳು. ಗೆರೆ ಚಂಗನೆ ಮೇಲಕ್ಕೆ ಹಾರಿತು. ಪಲ್ಲಾಡಿಯಂಗೂ ವಿಷ ಹತ್ತುತ್ತದೆ, ನಿಧಾನಕ್ಕೆ. ತಂದು ಮೆತ್ತುವುದು ಅದೇ ಆಸಿಡ್ಡು. ಯಾರೂ ಏನೂ ಬೆರೆಸಿರಲಿಲ್ಲ.

ಅಕ್ಕ ಚಪ್ಪಲಿ ಕೂಡ ಬಿಡದೆ ಒಳಗೆ ಓಡಿ ಬಂದಳು. ನಗುವೋ ಅಳುವೋ ತಿಳಿಯದು. “ರೀ, ನೀವಲ್ಲ! ಅದು ತಾನಾಗೇ ಬೀಳುತ್ತೆ ಕಣ್ರೀ!”

“ನಾನಲ್ಲ ಅಂತ ನಾನೂ ಹೇಳಿದ್ದೆ,” ಎಂದರು ಭಾವ.

“ತಪ್ಪಾಯ್ತು ರೀ. ಇವತ್ತು ಕಣ್ಣಾರೆ ನೋಡಿದೆ. ನೀವು ಮನೇಲಿದ್ರಿ, ಆದ್ರೂ ಅದು ಬಿತ್ತು.”

ಭಾವ ಒರೆಸುವ ಬಟ್ಟೆ ಕೆಳಗಿಟ್ಟು ಅವಳನ್ನೇ ನೋಡಿದರು.

“ಇವತ್ತು ಅದು ಬೀಳದೇ ಇದ್ದಿದ್ರೆ?”

ಅಕ್ಕ ಬಾಯಿ ತೆರೆದಳು. ಒಂದು ಸುಳ್ಳಾದರೂ ಹೇಳೇ, ಆಗಲೂ ನಿಮ್ಮನ್ನೇ ನಂಬುತ್ತಿದ್ದೆ ಅನ್ನೇ ಎಂದು ನನ್ನ ಜೀವ ಹೊಡೆದುಕೊಂಡಿತು. ಅವಳು ನೆಲ ನೋಡಿದಳು.

ಬೇರೆ ಊರಿನ ಘಟಕಕ್ಕೆ ವರ್ಗ ಕೇಳಿರುವುದನ್ನು ಭಾವ ಆಗ ಹೇಳಿದರು.