ಎರಡು ತಿಂಗಳಿಗೊಮ್ಮೆ ತೆರೆಯುವ ಬಾಗಿಲು

ನಾನು ಆ ದೇಶಕ್ಕೆ ಕಾಲಿಟ್ಟ ಮೊದಲ ಮಧ್ಯಾಹ್ನವೇ, ತೀರಿಕೊಂಡು ನಲವತ್ತು ದಿನವಾಗಿದ್ದ ನನ್ನ ಯಜಮಾನರನ್ನು ಅಲ್ಲಿಯ ಜನ ಮಾತಾಡಿಸಿದರು. ಹಸಿರು ಅಂಗಿಯವನೊಬ್ಬ ಓಡಿಬಂದು ಎದುರಿಗೆ ನಿಂತ. ಅವನ ತಲೆಯ ಮೇಲೆ ಇಂಗ್ಲಿಷಿನ ಸಾಲೊಂದು ಮೂಡಿತು. ನನ್ನ ಪಕ್ಕ ಕೂತಿದ್ದ ಪದ್ಮಕ್ಕ ಅದನ್ನು ಓದಿ ಹೇಳಿದರು.

"ಎಲ್ಲಿ ಹೋಗ್ಬಿಟ್ಟಿದ್ದೆ ಇಷ್ಟು ದಿನ, ಎಲ್ಲಾ ಕಾಯ್ತಿದೀವಿ ಅಂತಿದಾನೆ ಕಣೇ."

ಕಂಪ್ಯೂಟರಿನ ಪರದೆಯಲ್ಲಿ ಯಜಮಾನರು ಖಾಕಿ ಬಣ್ಣದ ಅಂಗಿ ತೊಟ್ಟು, ಹೆಗಲಿಗೆ ಚೀಲ ಹಾಕಿಕೊಂಡು ನಿಂತಿದ್ದರು. ನಾನು ಕೈ ಅಲ್ಲಾಡಿಸಿದರೆ ಅವರು ನಡೆಯುತ್ತಿದ್ದರು. ನಿಲ್ಲಿಸಿದರೆ ನಿಲ್ಲುತ್ತಿದ್ದರು.

ಊರಿನವರಿಗೆ ಇದನ್ನು ಮೊದಲಿನಿಂದ ಹೇಳಬೇಕು. ನಮ್ಮ ಯಜಮಾನರು ಬಸ್ ಕಂಡಕ್ಟರ್. ಹದಿನಾಲ್ಕು ವರ್ಷ ಒಂದೇ ರೂಟು. ಅರಸೀಕೆರೆ ಬಿಟ್ಟು, ನಮ್ಮ ಬಾಣಾವರದ ಮೇಲೆ ಹಾದು, ಹಳೇಬೀಡು, ಬೇಲೂರು, ಮತ್ತೆ ವಾಪಸ್ಸು. ಬೇಲೂರು ಸ್ಟ್ಯಾಂಡಿನಲ್ಲಿ ಪಕ್ಕದಲ್ಲೇ ಅರೇಹಳ್ಳಿ ಬಸ್ಸು ನಿಲ್ಲುತ್ತಿತ್ತಂತೆ. "ಅದು ಹತ್ತಿದ್ರೆ ಕಾಫಿ ತೋಟ ಶುರುವಾಗುತ್ತೆ ಕಣೆ, ದಾರಿ ಬೇರೆ ಥರ ತಿರುಗುತ್ತೆ" ಎನ್ನುತ್ತಿದ್ದರು. ಹದಿನಾಲ್ಕು ವರ್ಷದಲ್ಲಿ ಒಮ್ಮೆಯೂ ಹತ್ತಲಿಲ್ಲ. ರಜೆಯ ದಿನ ಬಸ್ಸು ಹತ್ತುವುದೆಂದರೆ ಅವರಿಗೆ ಬೇಡ. ಹಳೇಬೀಡಿನಲ್ಲಿ ಎಲ್ಲೆಲ್ಲಿಂದಲೋ ಬಂದವರು ಇಳಿದು ಗುಡಿಯ ಕಡೆ ಹೋಗುವುದನ್ನು ಬಾಗಿಲಲ್ಲಿ ನಿಂತು ನೋಡಿ, ವಿಷಲ್ ಊದಿ ಹೊರಡುವುದೇ ಅವರ ಕೆಲಸವಾಗಿತ್ತು.

ಮಧ್ಯಾಹ್ನ ಬಸ್ಸು ಅರಸೀಕೆರೆಯಲ್ಲಿ ಎರಡು ಗಂಟೆ ನಿಲ್ಲುತ್ತಿತ್ತು. ಡ್ರೈವರ್ ಸೀಟಿನ ಮೇಲೇ ಮಲಗುತ್ತಿದ್ದ. ಇವರು ಸ್ಟ್ಯಾಂಡಿನ ಹಿಂದಿನ ಬ್ರೌಸಿಂಗ್ ಸೆಂಟರಿಗೆ ಹೋಗುತ್ತಿದ್ದರು. ಅದನ್ನು ನಡೆಸುವವರೇ ಪದ್ಮಕ್ಕ, ಹಳೇಬೀಡಿನ ಬಸದಿ ಕಡೆಯ ಜೈನರ ಮನೆಯವರು. ಮೊದಲು ಟೈಪಿಂಗ್ ಇನ್‌ಸ್ಟಿಟ್ಯೂಟ್ ಇಟ್ಟಿದ್ದರು. ಬ್ರಾಡ್‌ಬ್ಯಾಂಡ್ ಬಂದಮೇಲೆ ಟೈಪ್‌ರೈಟರ್ ತೆಗೆದು ಆರು ಕಂಪ್ಯೂಟರ್ ಕೂರಿಸಿದರು. ಅಲ್ಲಿ ಯಜಮಾನರು ಆಟವೊಂದನ್ನು ಆಡುತ್ತಿದ್ದರು ಎಂಬುದು ನನಗೆ ಗೊತ್ತಾದದ್ದು ಅವರು ಹೋದಮೇಲೆ.

ಅದನ್ನು ಆಟ ಎನ್ನಲು ನನಗೀಗ ಬಾಯಿ ಬರುವುದಿಲ್ಲ. ಕಾಡು, ನದಿ, ಬೆಟ್ಟ, ಸಂತೆಬೀದಿ ಎಲ್ಲ ಇರುವ ದೊಡ್ಡ ನಾಡು ಅದು. ಬೇರೆ ಬೇರೆ ದೇಶದವರು ತಮ್ಮ ತಮ್ಮ ಮನೆಯಲ್ಲಿ ಕೂತೇ ಅಲ್ಲಿ ಏಕಕಾಲಕ್ಕೆ ಓಡಾಡುತ್ತಿರುತ್ತಾರೆ. ಅಲ್ಲಿಯ ಭೂಪಟ ಮೊದಲಿಗೆ ಪೂರ್ತಿ ಕಪ್ಪು. ಕಾಲಿಟ್ಟಷ್ಟು ಜಾಗ ಮಾತ್ರ ಬೆಳಗುತ್ತದೆ. ನಮ್ಮಲ್ಲಿ ಹಾಗಲ್ಲ, ಹೋಗದ ಊರಿಗೂ ಬೋರ್ಡು ಇರುತ್ತದೆ, ಕೇಳಿದರೆ ದಾರಿ ಹೇಳುವವರು ಇರುತ್ತಾರೆ. ಅಲ್ಲಿ ಹೋಗದೆ ಏನೂ ಇಲ್ಲ. ಇದೇ ಅವರನ್ನು ಹಿಡಿದಿರಬೇಕು.

ಒಂದು ಬೆಳಿಗ್ಗೆ ಬಾಣಾವರದ ಮನೆಯಲ್ಲಿ, ಡ್ಯೂಟಿಗೆ ಹೊರಡಲು ಬಚ್ಚಲಲ್ಲಿ ನೀರು ತೋಡಿಕೊಳ್ಳುತ್ತಿದ್ದವರು ಅಲ್ಲೇ ಕುಸಿದರು. ತಂಬಿಗೆ ಉರುಳಿದ ಸದ್ದು ಕೇಳಿ ಹೋಗುವಷ್ಟರಲ್ಲಿ ಮುಗಿದಿತ್ತು. ಜೋಯಿಸರು ಪಂಚಾಂಗ ನೋಡಿ, ನಕ್ಷತ್ರ ಒಳ್ಳೆಯದಲ್ಲ, ಮೂರು ತಿಂಗಳು ಮನೆ ಬಿಡಬೇಕು ಎಂದರು. ನಮ್ಮ ಕಡೆಯವರಿಗೆ ಇದನ್ನು ವಿವರಿಸಬೇಕಿಲ್ಲ. ತಿಥಿ ಮುಗಿದ ಮಾರನೆಯ ದಿನ ಬಾಗಿಲು ಮುಚ್ಚಿ, ಅಡ್ಡಲಾಗಿ ಮುಳ್ಳಿನ ಕೊಂಬೆ ಇಟ್ಟೆವು. ಅತ್ತೆ ಹಗರೆಯಲ್ಲಿರುವ ಮಗಳ ಮನೆಗೆ ಹೋದರು. ಪದ್ಮಕ್ಕ ತಮ್ಮ ಸೆಂಟರಿನ ಹಿಂದಿದ್ದ ಒಂದು ಕೋಣೆ ಬಿಟ್ಟುಕೊಟ್ಟರು. ಹಾಗೆ ನಾನು ಅರಸೀಕೆರೆಗೆ ಬಂದೆ.

ಬಾಣಾವರದಿಂದ ಅರಸೀಕೆರೆ ದೂರವಲ್ಲ. ಆದರೆ ದಿನಾ ಕಾಣುವ ಊರಿಗೂ ವಾಸಕ್ಕೆ ಬಂದ ಊರಿಗೂ ವ್ಯತ್ಯಾಸವಿದೆ. ಬಾಣಾವರದಲ್ಲಿ ರೈಲಿನ ಸದ್ದಿಗೆ ಹೊತ್ತು ತಿಳಿಯುತ್ತಿತ್ತು. ಇಲ್ಲಿ ಎಷ್ಟು ರೈಲು ಬರುತ್ತವೆಂದರೆ ಯಾವುದು ಯಾವ ಹೊತ್ತಿನದೆಂದು ತಿಳಿಯುವುದಿಲ್ಲ. ಅಲ್ಲಿ ಬಾವಿ ನೀರು ಸಿಹಿ, ಇಲ್ಲಿ ನಲ್ಲಿಯ ನೀರಿಗೆ ಬೇಳೆ ಬೇಯುವುದಿಲ್ಲ. ಕೋಣೆಯ ಕಿಟಕಿಗೆ ಬಸ್ ಸ್ಟ್ಯಾಂಡಿನ ಗೋಡೆ ಅಂಟಿಕೊಂಡಂತಿತ್ತು. ಬೇಲೂರು ಬಸ್ಸು ಹೊರಡುವಾಗ ಹೊಸ ಕಂಡಕ್ಟರನ ಗಂಟಲು ಕೇಳುತ್ತಿತ್ತು. ನಾನು ಕಿಟಕಿ ಮುಚ್ಚುತ್ತಿದ್ದೆ.

ನಲವತ್ತನೆಯ ದಿನ ಪದ್ಮಕ್ಕ ಒಂದು ಹಳೆಯ ಡೈರಿ ತಂದುಕೊಟ್ಟರು. "ನಿಮ್ಮೆಜಮಾನ್ರು ಇಲ್ಲೇ ಬಿಡ್ತಿದ್ರು. ನೋಡ್ತೀಯೇನೋ ಅಂತ." ತುಂಬಾ ನಕ್ಷೆಗಳು. ನೀಲಿ ಶಾಯಿಯಲ್ಲಿ ದಾರಿ, ದಾರಿಯುದ್ದಕ್ಕೂ ಅಂಕಿ. ಹತ್ತಿರದಿಂದ ನೋಡಿದಾಗ ತಿಳಿಯಿತು, ಆ ನಾಡಿನ ಕಾಡನ್ನೆಲ್ಲ ಅವರು ಬಸ್ಸಿನ ದಾರಿಯ ಹಾಗೆ ಸ್ಟೇಜ್ ಸ್ಟೇಜಾಗಿ ಭಾಗ ಮಾಡಿದ್ದರು. ಒಂದನೇ ಸ್ಟೇಜು ಒಣಗಿದ ಮರ, ಎರಡನೇದು ಮುರಿದ ಸೇತುವೆ, ಮೂರನೇದು ತೋಳ ಬರುವ ತಿರುವು, ಇಲ್ಲಿ ಇಳಿಯಬಾರದು.

"ಹೊಸಬರನ್ನ ಸಾಲಾಗಿ ನಿಲ್ಲಿಸ್ಕೊಂಡು ಕಾಡು ದಾಟಿಸ್ತಿದ್ರು ಕಣೇ" ಎಂದರು ಪದ್ಮಕ್ಕ. "ಅಲ್ಲಿ ಅವರ ಹೆಸರೇ ಕಂಡಕ್ಟರ್. ಅಲ್ಲಿ ರೈಟ್ ರೈಟ್ ಅಂತ ಬರೀತಾ, ಇಲ್ಲಿ ಸೆಂಟರ್‌ನಲ್ಲಿ ಕೂತು ಜೋರಾಗೂ ಅಂದ್ಬಿಡೋರು. ಗಿರಾಕಿಗಳು ಬೆಚ್ಚಿ ಬೀಳೋರು."

ಒಳಗೆ ಹೋಗಬೇಕಾದರೆ, ಪದ್ಮಕ್ಕ ಹೇಳಿದ ಹಾಗೆ, ಪಾಸ್‌ವರ್ಡಿನ ಜಾಗದಲ್ಲಿ ಅವರ ಸ್ವಂತ ಹೆಸರನ್ನು ಒತ್ತಬೇಕಿತ್ತು. ಹದಿನಾರು ವರ್ಷದ ಸಂಸಾರದಲ್ಲಿ ನಾನು ಅವರ ಹೆಸರು ಹಿಡಿದು ಕರೆದವಳಲ್ಲ. ಇಲ್ಲಿಯೂ ಬರೆಯುವುದಿಲ್ಲ. ಅಂದು ಒಂದೊಂದೇ ಅಕ್ಷರ ಹುಡುಕಿ ಒತ್ತಿದೆ. ಹೆಸರು ಪೂರ್ತಿಯಾಯಿತು, ಬಾಗಿಲು ತೆರೆಯಿತು, ಹಸಿರು ಅಂಗಿಯವನು ಓಡಿಬಂದ. ಅವನ ಹೆಸರು ಕಾರ್ಕ್. ನಿಜವಾದ ಹೆಸರಲ್ಲ, ಅಲ್ಲಿ ಎಲ್ಲರದೂ ತಾವೇ ಇಟ್ಟುಕೊಂಡ ಹೆಸರು. ಹಿಮ ಬೀಳುವ ಯಾವುದೋ ದೇಶದವನು.

ಆ ನಾಡಿನ ಭಾಷೆ ಇಂಗ್ಲಿಷಿನ ಚೂರುಗಳು. ನಾನು ಎಸ್ಸೆಸ್ಸೆಲ್ಸಿ. ವಾಕ್ಯ ಬರೆಯಲು ಹೆದರುತ್ತಿದ್ದವಳು, ಅಲ್ಲಿ ಯಾರೂ ವಾಕ್ಯ ಬರೆಯುವುದಿಲ್ಲ ಎಂದು ತಿಳಿದು ಸಮಾಧಾನಪಟ್ಟೆ. ಊಟ ಎಂದರೆ ಒಣ ಬ್ರೆಡ್ಡು, ಸುಟ್ಟ ಮೀನು. ಮೀನು ಮುಟ್ಟದ ಯಜಮಾನರಿಗೆ ನಾನು ಬರೀ ಬ್ರೆಡ್ಡು ತಿನ್ನಿಸುತ್ತಿದ್ದೆ. ತಿನ್ನಿಸದಿದ್ದರೆ ಹಸಿವಾಗಿದೆ ಎಂದು ಮೂಲೆಯಲ್ಲಿ ಅಕ್ಷರ ಬರುತ್ತಿತ್ತು. ಪದ್ಮಕ್ಕ ಹೊತ್ತು ಮುಳುಗುವ ಮುಂಚೆ ಊಟ ಮುಗಿಸುವವರು. ಸಂಜೆ ಸೆಂಟರ್ ಮುಚ್ಚಲು ಬಂದಾಗ ಗದರುತ್ತಿದ್ದರು.

"ಅವರಿಗೆ ತಿನ್ನಿಸಿದ್ದಾಯ್ತಲ್ಲ. ನೀನು ಬೆಳಗಿನಿಂದ ಏನು ತಿಂದೆ ಹೇಳು?"

"ಹಸಿವಿಲ್ಲ ಪದ್ಮಕ್ಕ."

"ನಿನಗೆ ಮೂಲೇಲಿ ಅಕ್ಷರ ಬರಲ್ಲ, ಅದಕ್ಕೆ ಹಿಂಗಾಡ್ತೀಯ. ಏಳು, ಅವಲಕ್ಕಿ ಕಲಸಿದೀನಿ."

ಡೈರಿ ಮುಂದಿಟ್ಟುಕೊಂಡು ನಾನು ಒಬ್ಬಳೇ ಕಾಡು ದಾಟಿದ್ದು ಒಂದು ಶುಕ್ರವಾರ. ಮೂರನೇ ಸ್ಟೇಜಿನಲ್ಲಿ ತೋಳ ಬಂತು, ಅವರು ಬರೆದ ಹಾಗೆಯೇ ನಿಲ್ಲದೆ ನಡೆದೆ. ಒಂಬತ್ತನೇ ಸ್ಟೇಜಿನಲ್ಲಿ ಮರಗಳು ಮುಗಿದು ಸಮುದ್ರ ಕಂಡಿತು. ನಾನು ಸಮುದ್ರ ನೋಡಿದವಳಲ್ಲ, ಅವರೂ ನೋಡಿರಲಿಲ್ಲ. ಡೈರಿಯಲ್ಲಿ ಅಲ್ಲಿ ಹೆಸರಿಲ್ಲ, "ಇಲ್ಲಿ ಹತ್ತು ನಿಮಿಷ" ಎಂದಷ್ಟೇ ಇತ್ತು. ಹಳೇಬೀಡಿನಲ್ಲಿ ಬಸ್ಸು ನಿಲ್ಲುತ್ತಿದ್ದಷ್ಟೇ ಹೊತ್ತು. ನಾನು ಹತ್ತು ನಿಮಿಷ ನಿಂತೆ. ಗೆದ್ದೆ ಎನಿಸಿತು. ಆಮೇಲೆ ಈ ಗೆಲುವನ್ನು ಯಾರಿಗೆ ಹೇಳಲಿ ಎಂದುಕೊಂಡು ಡೈರಿ ಮುಚ್ಚಿದೆ.

ಆ ದಡದಲ್ಲೇ ಅವರ ಮನೆಯಿತ್ತು. ಕಲ್ಲಿನ ಗೋಡೆ, ಉದ್ದನೆಯ ಮನೆ. ಬಾಗಿಲ ಪಕ್ಕ ಒಂದು ಹಲಗೆ. ಆ ನಾಡಿನ ಕಾನೂನನ್ನು ಆಮೇಲೆ ಬಂದ ಕಾರ್ಕ್ ನೆನಪಿಸಿದ: ಎರಡು ತಿಂಗಳು ಯಜಮಾನ ಬಂದು ಬಾಗಿಲು ತೆರೆಯದಿದ್ದರೆ ಮನೆ ತಾನಾಗಿ ಬೀಳುತ್ತದೆ. ಒಳಗಿದ್ದದ್ದು ಬಯಲಿಗೆ ಬೀಳುತ್ತದೆ, ಸಿಕ್ಕವರ ಪಾಲು. ಮನೆ ಎಷ್ಟು ಶಿಥಿಲವಾಗಿದೆ ಎಂಬುದನ್ನು ಹಲಗೆ ತೋರಿಸುತ್ತದೆ.

ನಾನು ತೆರೆಯಲಿಲ್ಲ. ಸತ್ತವರ ಮನೆಯನ್ನು ಅವಧಿ ಮುಗಿಯುವ ಮುಂಚೆ ತೆರೆಯುವುದುಂಟೆ? ತೆರೆದರೆ ಹೋದ ಜೀವ ಹೊಸ್ತಿಲಲ್ಲೇ ಸಿಕ್ಕಿಕೊಳ್ಳುತ್ತದೆ ಎಂದು ಕೇಳಿಕೊಂಡು ಬೆಳೆದವಳು ನಾನು. ಬಾಣಾವರದ ಮುಚ್ಚಿದ ಮನೆಗೆ ಮಂಗಳವಾರ ಶುಕ್ರವಾರ ಹೋಗಿ ಅಂಗಳದಲ್ಲೇ ದೀಪವಿಟ್ಟು ಬರುತ್ತಿದ್ದೆ. ಆ ನಾಡಿನಲ್ಲೂ ಹಾಗೇ ಮಾಡಿದೆ. ಸಂತೆಬೀದಿಯಿಂದ ಮೇಣದಬತ್ತಿ ತಂದು ಮೆಟ್ಟಿಲ ಮೇಲಿಟ್ಟು ತಿರುಗಿದೆ. ಯಜಮಾನರ ಕಾಲು ಅಂಗಳ ಮುಟ್ಟಿತಲ್ಲ, ಲೆಕ್ಕಕ್ಕೆ ಬರುತ್ತದೆ ಎಂದುಕೊಂಡಿದ್ದೆ. ಹಲಗೆಯ ಮಾತು ಮಾತ್ರ ವಾರ ವಾರಕ್ಕೂ ಕೆಡುತ್ತಾ ಹೋಯಿತು.

ಕೊನೆಗೊಂದು ಮಧ್ಯಾಹ್ನ ಹಲಗೆ ನೋಡಿ ಪದ್ಮಕ್ಕ ಕನ್ನಡಕ ಸರಿಮಾಡಿಕೊಂಡರು. "ಇವತ್ತೇ ಕಡೇ ದಿನ ಅಂತ ಬರ್ದಿದೆ ಸರೋಜಾ." ಕಾರ್ಕ್ ಬಾಗಿಲ ಮುಂದೆ ಅತ್ತಿತ್ತ ಓಡುತ್ತಿದ್ದ. ತೆರೆ, ತೆರೆ, ಏಕೆ ತೆರೆಯುತ್ತಿಲ್ಲ ಎಂದು ಒಂದೇ ಸಮನೆ ಬರೆಯುತ್ತಿದ್ದ. ಬಾಣಾವರದ ಮನೆಗೆ ಇನ್ನೂ ಒಂದು ತಿಂಗಳಿತ್ತು. ತೆರೆದರೆ ಅವರಿಗೆ ಕೇಡು, ಬಿಟ್ಟರೆ ಅವರು ಕಟ್ಟಿದ್ದು ನೆಲಸಮ. ನಾನು ಎದ್ದು ಹೊರಗಿನ ಬೂತಿನಿಂದ ಹಗರೆಗೆ ಫೋನು ಮಾಡಿದೆ. ಅತ್ತೆಗೆ ಕಂಪ್ಯೂಟರ್ ಎಂದರೇನೆಂದು ಗೊತ್ತಿಲ್ಲ. ತಿಳಿದಷ್ಟು ಹೇಳಿದೆ.

"ಅವನು ಕಟ್ಟಿದ ಮನೆಯಾ?" ಎಂದರು.

"ಹೂಂ ಅತ್ತೆ."

"ನಂಗೊಂದು ಮಾತು ಹೇಳ್ದೆ ಕಟ್ಟವ್ನೆ ನೋಡು. ಎಲ್ಲೈತೆ?"

"ದೂರ. ಸಮುದ್ರದ ದಡದಲ್ಲಿ."

"ಒಳಗೆ ಯಾರಾದ್ರೂ ಸತ್ತವ್ರಾ?"

"ಇಲ್ಲ."

"ನನ್ ಮಗ ಹೋಗಿದ್ದು ಬಾಣಾವರದ ಬಚ್ಚಲಲ್ಲಿ. ಆ ಮನೆ ಮುಚ್ಚಿದೀವಿ. ಸಾವೇ ಆಗ್ದಿರೋ ಮನೇನ ಯಾಕೆ ಮುಚ್ಕೊಂಡು ಕೂತಿದ್ದೀಯೇ ಸರೋಜಿ? ಹೋಗು, ತೆಗಿ."

ಫೋನಿಟ್ಟೆ. ಇಷ್ಟು ದಿನ ನಾನು ಯೋಚಿಸದ್ದನ್ನು ಆ ಮುದುಕಿ ಒಂದು ಉಸಿರಿನಲ್ಲಿ ಹೇಳಿದ್ದರು. ಬಂದು ಕೂತು ಬಾಗಿಲು ತೆರೆದೆ. ಹಲಗೆಯ ಮಾತು ಹೊಸ ಮನೆಯದಾಯಿತು.

ಒಳಗೆ ಕುರ್ಚಿಗಳು. ಎಡಕ್ಕೆ ಎರಡೆರಡು, ಬಲಕ್ಕೆ ಮೂರು ಮೂರು, ನಡುವೆ ಓಡಾಡಲು ದಾರಿ. ಕಾಡು ದಾಟಿ ಬಂದವರು ಕೂತು ದಣಿವಾರಿಸಿಕೊಳ್ಳಲಿ ಎಂದು ಬಸ್ಸಿನ ಹಾಗೆಯೇ ಹಾಕಿದ್ದರು. ಪದ್ಮಕ್ಕ ನಕ್ಕರು. ನಗುತ್ತಾ ನಗುತ್ತಾ ಸೆರಗಿನಿಂದ ಕಣ್ಣೊರೆಸಿಕೊಂಡರು. ಮುಂದಿನ ಸಾಲಿನ ಕಿಟಕಿ ಪಕ್ಕದ ಸೀಟಿನ ಮೇಲೆ ಮಡಿಸಿದ ಬಟ್ಟೆಯೊಂದಿತ್ತು, ನಮ್ಮ ಸ್ಟ್ಯಾಂಡಿನಲ್ಲಿ ಕಿಟಕಿಯಿಂದ ಟವೆಲ್ ಎಸೆದು ಜಾಗ ಹಿಡಿಯುವ ಹಾಗೆ. ಅದು ಯಾರದ್ದೆಂದು ಪದ್ಮಕ್ಕನ ಕೈಲಿ ಕಾರ್ಕನನ್ನು ಕೇಳಿಸಿದೆ.

"ನೀನೇ ಯಾರಿಗೂ ಕೂರಲು ಬಿಡುತ್ತಿರಲಿಲ್ಲವಲ್ಲ" ಎಂದು ಬರೆದ. "ನಾನೂ ಕೇಳಲಿಲ್ಲ."

ಮತ್ತೆ ಬರೆದ. "ಮುಂದಿನ ಟ್ರಿಪ್ ಯಾವಾಗ? ಹೊಸಬರು ಏಳು ಜನ ಕಾಯುತ್ತಿದ್ದಾರೆ."

ಆಗ ಹೇಳಬೇಕಿತ್ತು, ನಾನು ಅವರಲ್ಲ, ಅವರಿಲ್ಲ ಎಂದು. ನನಗೆ ಬರುವ ಇಂಗ್ಲಿಷಿನಲ್ಲಿ ಅಷ್ಟು ಹೇಳಬಹುದಿತ್ತು. ಬರೆಯಲಿಲ್ಲ. ಹೊರಗೆ ಬಂದು, ಕಾಡು ದಾಟಿ ಒಂದನೇ ಸ್ಟೇಜಿಗೆ ವಾಪಸ್ಸು ಹೋದೆ. ಏಳು ಜನ ಸಾಲಾಗಿ ನಿಂತರು. ನಾನು ಡೈರಿ ತೆಗೆಯುವಷ್ಟರಲ್ಲಿ, ಕಾರ್ಕ್ ಮೊದಲೇ ಕಲಿಸಿಟ್ಟಿದ್ದನೇನೋ, ಕನ್ನಡದ ಒಂದಕ್ಷರ ತಿಳಿಯದ ಆ ಜನರ ತಲೆಯ ಮೇಲೆ ಒಂದಾದ ಮೇಲೊಂದರಂತೆ ಅದೇ ಮಾತು ಮೂಡಿತು: ರೈಟ್ ರೈಟ್, ರೈಟ್ ರೈಟ್.

ಮೂರು ತಿಂಗಳು ತುಂಬಿದ ಮೇಲೆ ಮುಳ್ಳು ತೆಗೆದು, ಶಾಂತಿ ಮಾಡಿಸಿ, ಅತ್ತೆಯೂ ನಾನೂ ಬಾಣಾವರದ ಮನೆ ಸೇರಿದೆವು. ಬಚ್ಚಲಲ್ಲಿ ತಂಬಿಗೆ ಉರುಳಿದ ಜಾಗದಲ್ಲೇ ಇತ್ತು. ಈಗ ವಾರಕ್ಕೊಮ್ಮೆ ರೈಲು ಹತ್ತಿ ಅರಸೀಕೆರೆಗೆ ಹೋಗುತ್ತೇನೆ. ಕಾರ್ಕನಿಗೆ ಅನುಮಾನ ಬಂದಿದೆ. ನೀನು ಮೊದಲಿಗಿಂತ ನಿಧಾನ ನಡೆಯುತ್ತೀಯ ಎನ್ನುತ್ತಾನೆ. ಅವನಿಗೆ ಸುಳ್ಳು ಹೇಳುತ್ತಿದ್ದೇನೆ ಎಂಬುದು ನನಗೆ ಗೊತ್ತು. ಅಲ್ಲಿರುವಾಗ ಈ ಬಚ್ಚಲ ಮನೆ ನೆನಪಾಗುತ್ತದೆ. ಇಲ್ಲಿರುವಾಗ ಆ ಹಲಗೆಯಲ್ಲಿ ಈಗೇನು ಬರೆದಿದೆಯೋ ಎನಿಸುತ್ತದೆ.

ಹೋದ ವಾರ ವಾಪಸ್ಸು ಬಂದಾಗ ಅತ್ತೆ ಜಗಲಿಯ ಮೇಲೆ ಹುಣಸೆಹಣ್ಣು ಬಿಡಿಸುತ್ತಿದ್ದರು.

"ಮನೆ ಹೆಂಗೈತೆ?"

"ಚೆನ್ನಾಗೈತೆ ಅತ್ತೆ."

"ಅಲ್ಲಿಯೋರಿಗೆ ಹೇಳಿದ್ಯಾ?"

"ಇಲ್ಲ. ಹೇಳ್ಬೇಕು."

ಅವರು ಬೀಜ ತೆಗೆದು ಪಕ್ಕಕ್ಕೆ ಹಾಕಿದರು. ಇನ್ನೊಂದು ಹಣ್ಣು ಕೈಗೆತ್ತಿಕೊಂಡರು. ತಲೆ ಎತ್ತಲಿಲ್ಲ.

"ಬ್ಯಾಡ ಬಿಡು" ಎಂದರು. "ಒಂದು ಕಡೆನಾದ್ರೂ ಇರ್ಲಿ."