ಭುಜಕ್ಕೆ ಭುಜ ತಾಗುವ ಅರ್ಧ ಗಂಟೆ

ಬೆಳಕು ಹರಿಯುತ್ತಿದೆ. ಅಂಗವಿಕಲರ ವಸತಿಗೃಹದ ಪಡಸಾಲೆಯಲ್ಲಿ ಅಕ್ಕ ಎರಡು ಗಾಲಿಕುರ್ಚಿ ಜೋಡಿಸುತ್ತಿದ್ದಾರೆ. ಹತ್ತೊಂಬತ್ತು ವರ್ಷದಿಂದ ಇಲ್ಲಿ ಆಯಾ. ಎಲ್ಲರ ಬಾಯಲ್ಲೂ ಅಕ್ಕ. ಎದುರುಬದುರು ಇಟ್ಟರೆ ಕೈ ಎಟುಕುವುದಿಲ್ಲ, ಒಂದೇ ದಿಕ್ಕಿಗೆ ಇಟ್ಟರೆ ಮುಖ ಕಾಣುವುದಿಲ್ಲ. ಅದಕ್ಕೇ ಒಂದನ್ನು ಬಾಗಿಲ ಕಡೆಗೆ, ಇನ್ನೊಂದನ್ನು ಗೋಡೆಯ ಕಡೆಗೆ ತಿರುಗಿಸಿ, ನಡುವೆ ಬರುವ ಕೈಯಾಸರೆ ಕಳಚಿ, ಭುಜಕ್ಕೆ ಭುಜ ತಾಗುವಂತೆ ನಿಲ್ಲಿಸುತ್ತಾರೆ. ಆಮೇಲೆ ಬೆನ್ನು ತಿರುಗಿಸಿ ಬಟ್ಟೆ ಮಡಚಲು ಕೂರುತ್ತಾರೆ. ಅರ್ಧ ಗಂಟೆ ಆ ಇಬ್ಬರದು.

ಒಂದರಲ್ಲಿ ಮೇಷ್ಟ್ರು. ಕೈಕಾಲು ಹೇಳಿದ ಮಾತು ಕೇಳುವುದಿಲ್ಲ, ಮಾತು ಒಂದೊಂದೇ ಹೊರಡುತ್ತದೆ. ಆದರೂ ಎಲ್ಲರ ತಪ್ಪು ತಿದ್ದುವುದರಿಂದ ಆ ಹೆಸರು. ಇನ್ನೊಂದರಲ್ಲಿ ಎಲ್ಲರೂ ರೇಡಿಯೊ ಎಂದು ಕರೆಯುವ ಹೆಂಗಸು. ಕಾಲಿಗೆ ಬಲವಿಲ್ಲ, ಬಾಯಿಗೆ ಬಿಡುವಿಲ್ಲ.

"ನಾನು ಹತ್ತು ಮಾತಾಡೋಷ್ಟರಲ್ಲಿ ಇವ್ರು ಒಂದು 'ಹೂಂ' ಹುಡುಕ್ತಿರ್ತಾರೆ," ಎಂದು ಆಕೆ ಕೆಣಕುತ್ತಿದ್ದರೆ, "ಅದಕ್ಕೇ... ಬಾಳಿಕೆ... ಬರುತ್ತೆ," ಎನ್ನುತ್ತಿದ್ದರು ಮೇಷ್ಟ್ರು.

ಮೊದಮೊದಲು ಅಕ್ಕನೂ ಎಡವಿದ್ದರು. ಮೇಷ್ಟ್ರ ಕೈ ರೇಡಿಯೊ ಕೈಯತ್ತ ತೆವಳುವುದನ್ನು ನೋಡಲಾಗದೆ ತಾವೇ ಎತ್ತಿ ಇಟ್ಟುಬಿಟ್ಟರು. ಮೇಷ್ಟ್ರು ಎರಡು ದಿನ ಮಾತು ಬಿಟ್ಟರು. "ಮೂರನೇ ದಿನ 'ಅದು ನನ್ನ ಕೆಲಸ' ಅಂದ್ರು. ಊಟ ಮಾಡಿಸ್ತೀನಿ, ಮೈ ತೊಳೀತೀನಿ, ಅದೇ ಸಲಿಗೇಲಿ ಇದನ್ನೂ ಮಾಡ್ಬಿಟ್ಟೆ ನೋಡಿ. ನಾಚಿಕೆಯಾಯ್ತು," ಎನ್ನುತ್ತಾರೆ ಅಕ್ಕ. ಆ ಕೈ ತಲುಪಲು ನಾಲ್ಕು ನಿಮಿಷ ಬೇಕು. ಅಕ್ಕ ಈಗ ತಿರುಗಿಯೂ ನೋಡುವುದಿಲ್ಲ.

ದಿನಕ್ಕೆ ಹದಿನಾಲ್ಕು ಜನರ ಸ್ನಾನ. ಪ್ರತಿಯೊಬ್ಬರನ್ನೂ ಎತ್ತಬೇಕು, ಇಳಿಸಬೇಕು. ಅಕ್ಕನ ಸೊಂಟ ಬಿದ್ದುಹೋಗಿದೆ. ಗಂಡ ತೀರಿಕೊಂಡ ವರ್ಷ ಸೇರಿದ ಕೆಲಸ. "ಹೊಟ್ಟೆಪಾಡಿಗೆ ಬಂದೆ. ಪಕ್ಕದಲ್ಲಿ ಯಾರೂ ಇಲ್ದೆ ಇರೋದು ಏನಂತ ಗೊತ್ತಿತ್ತಲ್ಲ, ಇವರ ಸಂಕಟ ಬೇಗ ತಿಳೀತು."

ಒಂದೇ ಕೋಣೆ ಕೊಡಿ ಎಂದು ಮೇಷ್ಟ್ರು, ರೇಡಿಯೊ ಇಬ್ಬರೂ ಅರ್ಜಿ ಹಾಕಿದ್ದರು. ಸಾಕ್ಷಿಯ ಸಹಿ ಅಕ್ಕನದು. ಸುದ್ದಿ ರೇಡಿಯೊ ಅವರ ಅಣ್ಣನ ಕಿವಿಗೆ ಬಿತ್ತು. "ನಾಲ್ಕು ಜನ ಏನಂತಾರೆ?" ಎಂದು ಆತ ತಂಗಿಗೆ ಬೇರೆ ವಸತಿಗೃಹ ಗೊತ್ತುಮಾಡಿದ್ದಾನೆ. "ಮೂವತ್ತೆಂಟಾಯ್ತಣ್ಣ ನಂಗೆ. ನನ್ನನ್ನ ಯಾರೂ ಕೇಳಲ್ವಾ?" ಎಂದು ಆಕೆ ಕೇಳಿದಾಗ ಕಚೇರಿಯಲ್ಲಿ ಒಬ್ಬರೂ ತಲೆ ಎತ್ತಲಿಲ್ಲ.

ಸೋಮವಾರ ಆಕೆಯನ್ನು ಕರೆದೊಯ್ಯುತ್ತಾರೆ. ಉಳಿದಿರುವುದು ಎರಡೇ ಬೆಳಗು.

ವಾರದ ರಜೆಯಲ್ಲಿ ಅಕ್ಕ ಎರಡು ಬಸ್ಸು ಬದಲಿಸಿ ಆ ಹೊಸ ಜಾಗ ನೋಡಿ ಬಂದಿದ್ದಾರೆ. ಮೇಷ್ಟ್ರನ್ನು ಒಳಗೆ ಬಿಡುತ್ತೀರಾ ಎಂದು ಕೇಳಿದ್ದಕ್ಕೆ ಯಾರೂ ಸರಿಯಾಗಿ ಉತ್ತರಿಸಲಿಲ್ಲ. "ರಜೆ ದಿನ ನಾನೇ ತಳ್ಕೊಂಡು ಹೋಗ್ತೀನಿ, ಬಿಟ್ರೆ ಸಾಕು," ಎನ್ನುತ್ತಾರೆ ಅಕ್ಕ. "ಬಾಗಿಲಿಗೆ ಗೇಣು ಹಾಕಿ ನೋಡ್ದೆ. 'ಏನಮ್ಮಾ, ಬಾಗಿಲು ಕಿತ್ಕೊಂಡು ಹೋಗ್ತೀಯಾ?' ಅಂತ ಕಾವಲುಗಾರ ನಕ್ಕ. ಮೂರು ಗೇಣು, ಮೇಲೆ ನಾಲ್ಕು ಬೆರಳು. ಮೇಷ್ಟ್ರ ಕುರ್ಚಿ ಒಳಗೆ ಹೋಗುತ್ತೆ."