ಬಣ್ಣ ಬಳಿಯದೆ ಬಿಟ್ಟ ಒಂದು ಮೊಳ

ನೆಲಕ್ಕೆ ಬಳಿಯುವ ಎಪಾಕ್ಸಿ ಬಣ್ಣದ ಡಬ್ಬಿಗಳೊಂದಿಗೆ ಬಂದ ಶಿಕಾರಿಪುರದ ಕಂಟ್ರಾಕ್ಟರ್ ಆನವಟ್ಟಿಯ ನಮ್ಮ ಕಾರ್ ಶೆಡ್ಡಿನ ಬಾಗಿಲಲ್ಲೇ ನಿಂತುಬಿಟ್ಟರು. ಹಿಂದಿನ ದಿನ ಅವರು ಯಂತ್ರದಿಂದ ಉಜ್ಜಿಟ್ಟಿದ್ದ ನೆಲವನ್ನು ನಮ್ಮತ್ತೆ ಬೆಳಗ್ಗೆಯೇ ಸಗಣಿ ನೀರಲ್ಲಿ ಸಾರಿಸಿ, ನಡುವೆ ರಂಗೋಲಿ ಹಾಕಿದ್ದರು.

“ಹೊಸ ಕೆಲಸ ಶುರುವಾಗೋ ಜಾಗ, ಬರೀ ನೆಲ ಹೆಂಗೆ ಬಿಡೋದು?” ಎಂದರು ಅತ್ತೆ. ಹಸಿ ನೆಲಕ್ಕೆ ಆ ಬಣ್ಣ ಹಿಡಿಯುವುದಿಲ್ಲ. ನಾನು ಗದರಿಬಿಟ್ಟೆ. ಕಂಟ್ರಾಕ್ಟರ್ ಮಾತ್ರ ರಂಗೋಲಿ ತುಳಿಯದಂತೆ ಒಳಗಿದ್ದ ತಮ್ಮ ಸಾಮಾನು ತೆಗೆದುಕೊಂಡು ಹೊರಟರು.

ನಾಲ್ಕು ದಿನ ಬಿಟ್ಟು ಬಂದು, ಮತ್ತೆ ಉಜ್ಜಿ ಬಣ್ಣ ಬಳಿದರು. ಬಾಗಿಲ ನಡುವೆ ಒಂದು ಮೊಳದ ಚೌಕ ಮಾತ್ರ ಹಾಗೇ ಬಿಟ್ಟಿದ್ದರು. “ಇದು ನಿಮ್ಮ ರಂಗೋಲಿಗ್ರೀ ಅಮ್ಮಾ. ಕಾರಿನ ಗಾಲಿ ತಾಗಂಗಿಲ್ಲ,” ಎಂದರು ಅತ್ತೆಗೆ.

ಅಂದು ಗದರಿದ್ದ ನಾನು ಈಗ ದಿನಾ ಆ ರಂಗೋಲಿಯನ್ನು ಎರಡು ಗಾಲಿಗಳ ನಡುವೆ ಉಳಿಸಿಕೊಂಡು ಕಾರು ತೆಗೆಯುತ್ತೇನೆ.